ಮೋಟರಿನ ಗಾಳಿ

"ಅದನ್ನ ಬಿಡಪ್ಪಾ, ಮೋಟರ್ ಸರಿಯಾಗೇ ಇದೆ!" ಎಂದು ಟೀಚರಮ್ಮನ ಯಜಮಾನರು ಕೂಗುವಷ್ಟರಲ್ಲಿ, ಚರ್ಚಿನ ಆರ್ಗನ್ ಶ್ರುತಿ ಮಾಡಲು ಬಂದವನು ಅದಕ್ಕೆ ಗಾಳಿಯೂದುವ ಮೋಟರಿನ ಮುಚ್ಚಳ ತೆಗೆದಾಗಿತ್ತು. ಒಳಗೆ ಇಲಿ ಗೂಡು ಕಟ್ಟಿತ್ತು. "ಅಮ್ಮಾ, ಇದು ಸುಟ್ಟುಹೋಗಿ ಏಳೆಂಟು ವರ್ಷ ಆಗಿದೆ."

"ಏನು ಹೇಳ್ತಿದ್ದೀಯಪ್ಪಾ? ಹೋದ ಭಾನುವಾರ ನಾನೇ ನುಡಿಸಿದೀನಿ!" ಟೀಚರಮ್ಮ ದಂಗಾದರು. ಅಜ್ಜನ ಕಾಲದ ಪುಟ್ಟ ಆರ್ಗನ್; ಆರು ಸಾಲು, ಮುನ್ನೂರ ಇಪ್ಪತ್ತನಾಲ್ಕು ಕೊಳವೆ. ಮೊದಲು ಅದರ ಬೆನ್ನಿಗೆ ನಿಂತು, ಹಿಡಿಕೆ ಒತ್ತಿ ತಿದಿಯೂದುತ್ತಿದ್ದವರು ಯಜಮಾನರೇ. ಸ್ವರ ಒಂಚೂರು ಅಲುಗಿದರೂ ಟೀಚರಮ್ಮ ಮನೆ ಮುಟ್ಟುವ ತನಕ ಬೈಯುತ್ತಿದ್ದರು. ಮೋಟರ್ ಬಂದ ಮೇಲೆ ಅದಕ್ಕೆ ಹೊಗಳಿಕೆಯೋ ಹೊಗಳಿಕೆ: "ನೋಡಿ ಕಲೀರಿ, ಒಂದೇ ಸಮ ಗಾಳಿ. ನಿಮ್ಮ ಹಾಗೆ ಏದುಸಿರಿಲ್ಲ." ಯಜಮಾನರು ಸ್ವಿಚ್ ಹಾಕಲು ಹಿಂದೆ ಹೋಗುತ್ತಿದ್ದರು, ಹಾಡು ಮುಗಿದ ಮೇಲೇ ಈಚೆ ಬರುತ್ತಿದ್ದರು.

ಶ್ರುತಿಯವನು ತಿದಿಯ ಹಿಡಿಕೆಗೆ ಟಾರ್ಚ್ ಬಿಟ್ಟ. ಎಲ್ಲೆಡೆ ಧೂಳು, ಹಿಡಿಕೆಯ ಮರ ಮಾತ್ರ ಅಂಗೈಯಗಲಕ್ಕೆ ಸವೆದು ಮಿರಮಿರ ಮಿನುಗುತ್ತಿತ್ತು. ಟೀಚರಮ್ಮ ಯಜಮಾನರ ಕಡೆ ತಿರುಗಿದರು. "ರೀ... ಇಷ್ಟು ವರ್ಷ... ಒಂದು ಮಾತು ಹೇಳಬಾರದಿತ್ತಾ?"

ಯಜಮಾನರು ಬಲಭುಜ ನೀವಿಕೊಂಡರು. "ಮೋಟರ್‌ಗೆ ನೀನು ಒಂದು ದಿನಾನೂ ಬೈದಿಲ್ವಲ್ಲೇ."