ಪರದೆಯ ಮೂಲೆಯ ರಾಹುಕಾಲ

ಆ ಕಚೇರಿಯಲ್ಲಿ ರಾಹುಕಾಲ ಬಂದರೆ ಯಾರೂ ಫೈಲಿಗೆ ಸಹಿ ಹಾಕುತ್ತಿರಲಿಲ್ಲ. ಒಬ್ಬೊಬ್ಬರ ಲೆಕ್ಕದಲ್ಲಿ ಅದು ಒಂದೊಂದು ಹೊತ್ತಿಗೆ ಬರುತ್ತಿದ್ದುದರಿಂದ ಕ್ಯಾಂಟೀನು ದಿನವಿಡೀ ತುಂಬಿರುತ್ತಿತ್ತು. ರೋಸಿಹೋದ ಸಾಹೇಬರು, ಇನ್ನು ಮೇಲೆ ಕಂಪ್ಯೂಟರ್ ಪರದೆ ತೋರಿಸಿದ್ದೇ ರಾಹುಕಾಲ ಎಂದು ಆದೇಶ ಹೊರಡಿಸಿದರು.

ಪ್ರೋಗ್ರಾಮರ್ ಶಾಲ್ಮಲಿ ಪರದೆಯ ಮೂಲೆಯಲ್ಲಿ ಕೂತು ಆ ದಿನದ ರಾಹುಕಾಲ ತೋರಿಸುವ ಪುಟ್ಟ ವಿಜೆಟ್ ಬರೆದಳು. ಯಾವುದರ ಹಂಗೂ ಇಲ್ಲದೆ ತಾನೇ ಓಡುವ ಪ್ರೋಗ್ರಾಂ ಆಗಿ ಅದನ್ನು ಪ್ಯಾಕ್ ಮಾಡಿ ನಲವತ್ತು ಕಂಪ್ಯೂಟರಿಗೂ ಹಂಚಿದಳು. ಗುರುವಾರ ಅವಳಿಗೆ ಎಡವಟ್ಟು ಕಣ್ಣಿಗೆ ಬಿತ್ತು. ಪ್ಯಾಕ್ ಮಾಡಿದ್ದು ಸೋಮವಾರ. ದಿನಾ ತಾರೀಖು ನೋಡಿಕೊಳ್ಳಬೇಕಿದ್ದ ವಿಜೆಟ್ ಆ ಸೋಮವಾರದಲ್ಲೇ ಸಿಕ್ಕಿಹಾಕಿಕೊಂಡಿತ್ತು. ದಿನವೂ ರಾಹುಕಾಲ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಕಚೇರಿ ತೆರೆಯುವುದು ಹತ್ತಕ್ಕೆ. ಪಾಪ, ಮೂರು ದಿನದಿಂದ ಎಲ್ಲರೂ ಕೆಲಸ ಮಾಡುತ್ತಿದ್ದರು!

ಅಷ್ಟರಲ್ಲಿ ಹೆಡ್ ಕ್ಲರ್ಕ್ ಬಂದು ನಿಂತರು.

“ಏನ್ ಮೇಡಂ, ನಿಮ್ಮ ವಿಜೆಟ್‌ಗೆ ದಿನಾ ಸೋಮವಾರಾನೇನಾ?”

“ತಪ್ಪಾಯ್ತು ಸಾರ್. ಇವತ್ತೇ ಸರಿಮಾಡಿ ಕೊಡ್ತೀನಿ.”

“ಅಯ್ಯೋ, ಸೋಮವಾರ ಹಾಗೇ ಇರ್ಲಿ, ಅದನ್ನ ಮುಟ್ಟಬೇಡಿ,” ಎಂದು ಅವರು ದನಿ ತಗ್ಗಿಸಿದರು. “ಪಕ್ಕದಲ್ಲೇ ಯಮಗಂಡಕಾಲ, ಗುಳಿಕಕಾಲ ಎರಡನ್ನೂ ಸೇರಿಸಿಬಿಡಿ. ಸೋಮವಾರ ಅವೆರಡೂ ಆಫೀಸ್ ಟೈಮಲ್ಲೇ ಬರ್ತವೆ.”