ಹಂಸದ ದೋಣಿಯಲ್ಲಿ ಒಬ್ಬಳೇ

“ನಿನ್ನೆ ಮಧ್ಯಾಹ್ನ ಬಟ್ಟೆ ಒಗೆಯೋ ಕೋಣೆ ಹಿಂದೆ ನಿಂತ್ಕೊಂಡು ನಿಮ್ಮ ಭಾಷೇಲಿ ಫೋನಲ್ಲಿ ಮಾತಾಡಿದ್ದೀಯ. ಹೌದಾ, ಇಲ್ವಾ?”

ಫಾನ್ ಟೀಚರ್ ದನಿ ಏರಿಸಲಿಲ್ಲ. ಏರಿಸಿದ್ದರೆ ತೆಕ್ಲೆಗೆ ಎಷ್ಟೋ ಹಗುರಾಗುತ್ತಿತ್ತು.

“ಹೌದು,” ಎಂದಳು.

“ಇದು ಎರಡನೇ ಸಲ. ಇನ್ನೊಂದಾದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಕುನ್ಮಿಂಗ್‌ನ ಆ ಭಾಷಾ ಶಾಲೆಗೆ ಸೇರಿದ ದಿನವೇ ಎಲ್ಲರೂ ಎದ್ದು ನಿಂತು ಶಪಥ ಮಾಡಿದ್ದರು. ಕೋರ್ಸ್ ಮುಗಿಯುವವರೆಗೆ ಚೈನೀಸ್ ಬಿಟ್ಟು ಬೇರೆ ಮಾತು ಬಾಯಿಂದ ಬರಕೂಡದು. ಮನೆಯವರಿಗೆ ಚೈನೀಸ್ ಬಾರದಾದ್ದರಿಂದ ಮನೆಗೆ ಫೋನು ಭಾನುವಾರ ಸಂಜೆ ಮಾತ್ರ. ಮೂರು ಸಲ ಸಿಕ್ಕಿಬಿದ್ದರೆ ವಿದ್ಯಾರ್ಥಿವೇತನ ರದ್ದು, ಊರಿಗೆ ವಿಮಾನ. ಬ್ರೆಜಿಲ್‌ನ ಹುಡುಗನೊಬ್ಬ ಫುಟ್‌ಬಾಲ್ ನೋಡುತ್ತ ತನ್ನ ಭಾಷೆಯಲ್ಲಿ ಕೂಗಿಕೊಂಡೇ ಮನೆ ಸೇರಿದ್ದ.

ತೆಕ್ಲೆಗೆ ಮನೆ ಸೇರುವ ಆಸೆ ಇರಲಿಲ್ಲ. ಜಾರ್ಜಿಯಾದ ಕುತೈಸಿಯಲ್ಲಿ ಅವಳಿಗಾಗಿ ಕಾದಿದ್ದದ್ದು ಚಿಕ್ಕಪ್ಪನ ಔಷಧಿ ಅಂಗಡಿಯ ಗಲ್ಲಾ. ಇಲ್ಲಿ ಕೋರ್ಸ್ ಮುಗಿಸಿದರೆ ವಿಶ್ವವಿದ್ಯಾಲಯದ ಅನುವಾದ ವಿಭಾಗದಲ್ಲಿ ಸೀಟು ಖಚಿತ. ಆದರೂ ಅಮ್ಮನ ದನಿ ಕೇಳದೆ ವಾರ ದೂಡುವುದು ಅವಳಿಂದಾಗುತ್ತಿರಲಿಲ್ಲ. ಮೊದಲ ಸಲ ಗ್ರಂಥಾಲಯದ ತಾರಸಿಯಿಂದ ಕದ್ದು ಮಾತಾಡಿದ್ದಳು. ಮರುದಿನವೇ ಟೀಚರ್‌ಗೆ ತಾರಸಿಯ ಸಂಗತಿ ಗೊತ್ತಾಗಿತ್ತು. ಈಗ ಇದು.

ಚಾಡಿ ಹೇಳುತ್ತಿರುವವರು ಯಾರು ಎಂಬುದರಲ್ಲಿ ತೆಕ್ಲೆಗೆ ಅನುಮಾನವೇ ಇರಲಿಲ್ಲ. ಒಂದೇ ಕೋಣೆಯಲ್ಲಿದ್ದ ಸೊಲೊಂಗೊ. ಮಂಗೋಲಿಯಾದ ಹುಡುಗಿ. ಬಾಗಿಲ ಸಂದಿಗೆ ಬೆರಳು ಸಿಕ್ಕಾಗಲೂ ಅವಳು ನರಳಿದ್ದು ಅಪ್ಪಟ ಚೈನೀಸಿನಲ್ಲಿ. ಅಂಥವರನ್ನು ಹೇಗೆ ನಂಬುವುದು?

ಕ್ಯಾಂಟೀನಿನಲ್ಲಿ ತೆಕ್ಲೆ ಅವಳೆದುರು ತಟ್ಟೆ ಕುಕ್ಕಿ ಕೂತಳು.

“ನನ್ನ ಹಿಂದೆ ಹಿಂದೆ ಬರ್ತಿದ್ದೀಯಾ?”

“ನಿನ್ನ ಹಿಂದೆ ಯಾಕೆ ಬರ್ಲಿ? ನೀನೇನು ಬಸ್ಸಾ?”

“ಮತ್ತೆ ಟೀಚರ್‌ಗೆ ಯಾರು ಹೇಳಿದ್ದು?”

“ನಂಗೇನು ಗೊತ್ತು. ನೀನು ಗುಟ್ಟಾಗಿ ಮಾತಾಡಿದ್ರೆ ಮೂರು ಮಹಡಿಗೆ ಕೇಳುತ್ತೆ.”

ತೆಕ್ಲೆಗೆ ಚೆನ್ನಾಗಿ ಬೈಯಬೇಕೆನಿಸಿತು. ಆದರೆ ಪಠ್ಯದಲ್ಲಿ ಬೈಗುಳದ ಪಾಠ ಇರಲಿಲ್ಲ. ಆ ವಾರ ಕಲಿತದ್ದು ತರಕಾರಿ ಮಾರುಕಟ್ಟೆ.

“ನೀನು ತಾಜಾ ಅಲ್ಲ,” ಎಂದಳು.

“ನೀನು ದುಬಾರಿ. ರುಚಿನೂ ಇಲ್ಲ,” ಎಂದ ಸೊಲೊಂಗೊ ನೂಡಲ್ಸ್ ಹೀರುವುದನ್ನು ಮುಂದುವರಿಸಿದಳು.

ಭಾನುವಾರ ಸಂಜೆ ಅಮ್ಮನ ಬಳಿ ತೆಕ್ಲೆ ಎಲ್ಲವನ್ನೂ ತೋಡಿಕೊಂಡಳು.

“ಅಯ್ಯೋ ಪುಟ್ಟಿ,” ಎಂದಳು ಅಮ್ಮ. “ಇನ್ನೊಂದು ಸಲ ಸಿಕ್ಕಿಬಿದ್ರೆ ಕಳಿಸೇ ಬಿಡ್ತಾರಾ? ಖಂಡಿತಾನಾ?”

“ಖಂಡಿತಾ.”

“ಟಿಕೆಟ್ ಅವರೇ ತೆಗೆಸಿಕೊಡ್ತಾರಾ?”

“ಹೂಂ. ಅದ್ಯಾಕಮ್ಮ ಈಗ?”

“ಸುಮ್ನೆ ಕೇಳ್ದೆ. ಎಂಥಾ ಜನ ನೋಡು. ಬುಧವಾರ ನನ್ನ ಹುಟ್ಟಿದ ದಿನ ಅಲ್ವಾ, ನೀನೇನೂ ಫೋನ್ ಮಾಡೋಕೆ ಹೋಗ್ಬೇಡ. ಒಬ್ಬಳೇ ಒಂದು ಚೂರು ಕೇಕ್ ತಿಂದು, ಕನ್ನಡಕ ಹಾಕ್ಕೊಂಡು ಏನಾದ್ರೂ ಓದ್ತಾ ಕೂತಿರ್ತೀನಿ. ಈ ವಯಸ್ಸಲ್ಲಿ ತಲೆಗೆ ಹತ್ತಲ್ಲ, ಆದ್ರೂ.”

ಆ ‘ಒಬ್ಬಳೇ’ ಎಂಬ ಮಾತು ಮೂರು ದಿನ ತೆಕ್ಲೆಯ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಬುಧವಾರ ಮಧ್ಯಾಹ್ನ ಅವಳು ಬಹಳ ಯೋಚಿಸಿ ಜಾಗ ಆರಿಸಿದಳು. ಸೊಲೊಂಗೊ ಕೂದಲು ಕತ್ತರಿಸಿಕೊಳ್ಳಲು ಹೋಗಿ ಕುರ್ಚಿಯಲ್ಲಿ ಕೂತಿರುವುದನ್ನು ಅಂಗಡಿಯ ಗಾಜಿನಿಂದ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಪಾರ್ಕಿಗೆ ಹೋಗಿ, ಕಾಲಲ್ಲಿ ತುಳಿದು ನಡೆಸುವ ಹಂಸದ ಆಕಾರದ ದೋಣಿಯೊಂದನ್ನು ಬಾಡಿಗೆಗೆ ಪಡೆದು ಕೆರೆಯ ನಟ್ಟನಡುವೆ ಬಂದಳು. ಸುತ್ತ ಇದ್ದವು ಚಳಿಗಾಲ ಕಳೆಯಲು ಬಂದ ಕಡಲಹಕ್ಕಿಗಳು ಮಾತ್ರ. ಅವು ಯಾವ ಶಪಥವನ್ನೂ ಮಾಡಿರಲಿಲ್ಲ; ಬಾಯಿಗೆ ಬಂದ ಭಾಷೆಯಲ್ಲಿ ಕಿರುಚುತ್ತಿದ್ದವು.

“ಹುಟ್ಟುಹಬ್ಬದ ಶುಭಾಶಯ, ಅಮ್ಮ.”

“ಬೇಡ ಅಂದಿದ್ನಲ್ಲ ಪುಟ್ಟಿ. ಯಾರಾದ್ರೂ ಕೇಳಿಸ್ಕೊಂಡ್ರೆ?”

“ದೇವರಿಗೂ ಕೇಳ್ಸಲ್ಲ.”

“ಹೌದಾ? ಅಂಥ ಜಾಗ ಯಾವುದಪ್ಪ?”

“ಕೆರೆ ಮಧ್ಯ. ಹಂಸದ ದೋಣೀಲಿ ಒಬ್ಬಳೇ ಕೂತಿದೀನಿ.”

“ಹಂಸದ ದೋಣಿ,” ಎಂದು ಅಮ್ಮ ನಿಧಾನವಾಗಿ ಹೇಳಿಕೊಂಡಳು. “ಚೆನ್ನಾಗಿದೆ. ಟೋಪಿ ಹಾಕ್ಕೊ, ಚಳಿ ಇರುತ್ತೆ. ನಿನ್ನ ಕೋಣೆಗೆ ಹೊಸ ಪರದೆ ಹಾಕ್ಸಿದೀನಿ ಗೊತ್ತಾ? ಹಳದಿ.”

ದಡ ಮುಟ್ಟಿದಾಗ ತೆಕ್ಲೆಗೆ ಯುದ್ಧ ಗೆದ್ದಂತಿತ್ತು. ಕೋಣೆಗೆ ಬಂದು ಸೊಲೊಂಗೊಳ ಹೊಸ ಕೂದಲನ್ನು ಹೊಗಳಿಯೂ ಬಿಟ್ಟಳು.

ಮರುದಿನ ಬೆಳಿಗ್ಗೆ ಫಾನ್ ಟೀಚರ್ ಕರೆಕಳಿಸಿದರು. ಮೇಜಿನ ಮೇಲೆ ಚಹಾದ ಗಾಜಿನ ಲೋಟ. ಅದರೊಳಗೆ ಎಲೆಗಳು ಮೆಲ್ಲಗೆ ತಳಕ್ಕಿಳಿಯುತ್ತಿದ್ದವು.

“ಹಂಸದ ದೋಣಿ ಹೇಗಿತ್ತು?”

“ಟೀಚರ್, ಅಲ್ಲಿ ಯಾರೂ ಇರ್ಲಿಲ್ಲ. ನಾನು ನೋಡಿದೀನಿ. ಸೊಲೊಂಗೊ ಅಂತೂ ಕೂದಲು ಕತ್ತರಿಸೋ ಅಂಗಡೀಲಿದ್ಲು.”

“ಸೊಲೊಂಗೊನಾ? ಆ ಹುಡುಗಿ ನಿನ್ನ ಬಗ್ಗೆ ನನ್ನ ಹತ್ರ ಇವತ್ತಿನವರೆಗೂ ಒಂದು ಮಾತಾಡಿಲ್ಲ. ಹೇಳಿದೋರು ನಿನ್ನ ಒಳ್ಳೇದನ್ನೇ ಬಯಸೋರು.”

ನನ್ನ ಒಳ್ಳೆಯದನ್ನು ಬಯಸುವವರು ನನ್ನನ್ನೇಕೆ ಓಡಿಸುತ್ತಾರೆ ಎಂದು ಕೇಳಲು ಬೇಕಾದಷ್ಟು ಚೈನೀಸ್ ಆ ಕ್ಷಣ ತೆಕ್ಲೆಯ ನಾಲಿಗೆಗೆ ಬರಲಿಲ್ಲ. “ಸಾಮಾನು ಕಟ್ಲಾ?” ಎಂದಷ್ಟೇ ಕೇಳಿದಳು.

ಟೀಚರ್ ಕಿಟಕಿಯ ಕಡೆ ನೋಡಿದರು. “ನಾನೂ ಮಗಳನ್ನ ದೂರ ಓದೋಕೆ ಕಳ್ಸಿದೀನಿ. ಕಟ್ಟೋದೇನೂ ಬೇಡ, ಕ್ಲಾಸಿಗೆ ನಡಿ.”

ತೆಕ್ಲೆ ಬಾಗಿಲು ದಾಟುವಷ್ಟರಲ್ಲಿ ಅವರು ಮತ್ತೆ ಕರೆದರು.

“ಇನ್ಮೇಲೆ ನಿಮ್ಮಮ್ಮನಿಗೆ ದಿನಾ ಫೋನ್ ಮಾಡು, ಆದ್ರೆ ಚೈನೀಸಲ್ಲಿ. ಮೂರು ಸಲ ನಂಗೆ ಫೋನ್ ಮಾಡಿ ನಿನ್ನ ಮೇಲೆ ಚಾಡಿ ಹೇಳೋವಷ್ಟು ಅವರು ಆಗ್ಲೇ ಕಲ್ತಿದಾರೆ.”