ಅದುರದ ವಿಮಾನ

ಕೈ ಸಣ್ಣಗೆ ನಡುಗುತ್ತದೆಂದು ಕಂಪನಿ ಪೈಲಟ್ ಶ್ರೀಕಂಠನನ್ನು ಹಾರಾಟದಿಂದ ದೂರವಿಟ್ಟಿತ್ತು. ಅಂದಿನಿಂದ ಅವನು ಮನೆಯ ಕಂಪ್ಯೂಟರಿನಲ್ಲಿ, ವಿಮಾನ ಹಾರಿಸುವ ಆಟದಲ್ಲಿ, ದಿನವೂ ಅಭ್ಯಾಸ ಮಾಡುತ್ತಿದ್ದ. ವಿಮಾನ ಒಂದಿಷ್ಟೂ ಅದುರದೆ ರನ್‌ವೇಗೆ ಇಳಿಯುತ್ತಿತ್ತು. ಆ ಧೈರ್ಯದಿಂದಲೇ, ಕಂಪನಿ ಕೊಡುತ್ತೇವೆಂದ ಆಫೀಸಿನ ಕೆಲಸ ತನಗೆ ಬೇಡವೆಂದು ಇವತ್ತು ಹೇಳಿ ಬಂದಿದ್ದ.

ನಾಳೆ ವೈದ್ಯರ ಪರೀಕ್ಷೆ. ಕೊನೆಯ ಅಭ್ಯಾಸ ಕರಾರುವಾಕ್ಕಾಗಿರಲೆಂದು ವಿಮಾನ ನಡೆಸುವ ಜಾಯ್‌ಸ್ಟಿಕ್ಕಿನ ಸೆಟ್ಟಿಂಗುಗಳನ್ನೆಲ್ಲ ರೀಸೆಟ್ ಮಾಡಿ, ಕೊಂಡಾಗ ಇದ್ದ ಹಾಗೆ ಇಟ್ಟ. ವಿಮಾನ ಗಡಗಡ ಅದುರತೊಡಗಿತು. ವೈರು ಬದಲಿಸಿದ, ಇನ್ನೊಮ್ಮೆ ರೀಸೆಟ್ ಮಾಡಿದ. ಅದುರುವುದು ನಿಲ್ಲಲಿಲ್ಲ.

"ಅಹಲ್ಯಾ, ಈ ಜಾಯ್‌ಸ್ಟಿಕ್ ಕೆಟ್ಟೋಯ್ತು ಕಣೇ. ನೀನೊಮ್ಮೆ ಹಿಡಿದು ನೋಡು."

"ನಂಗೇನ್ರೀ ಗೊತ್ತಾಗುತ್ತೆ ಅದು? ಊಟಕ್ಕೆ ಬನ್ನಿ."

"ಹಿಡಿಯೇ ಅಂದ್ರೆ! ನೀನು ಬೀಳಿಸಿದ್ರೂ ಯಾರೂ ಸಾಯಲ್ಲ."

ಹೆಂಡತಿ ಹಿಡಿದಳು. ವಿಮಾನ ನೆಟ್ಟಗೆ ಹೋಯಿತು. ಅವನು ಕೈಗೆ ತೆಗೆದುಕೊಂಡ. ಮತ್ತೆ ಅದುರಿತು.

"ಹಾಗಾದ್ರೆ ಇಷ್ಟು ದಿನ ಹೇಗೆ ನೆಟ್ಟಗೆ ಹೋಗ್ತಿತ್ತು?"

ಅವಳು ಅವನ ಮುಖ ನೋಡಲಿಲ್ಲ.

"ನಿಮ್ಮ ಕೈ ನಡುಗಿದ್ದು ವಿಮಾನಕ್ಕೆ ಗೊತ್ತಾಗದ ಹಾಗೆ, ಮೊದಲನೇ ದಿನವೇ ನಾನು ಸೆಟ್ಟಿಂಗ್ ಬದಲಾಯಿಸಿಟ್ಟಿದ್ದೆ ರೀ."